ಹದಿನೈದು ಸೆಕೆಂಡಿನ ದೂಧ್‌ಸಾಗರ

2013ರ ‘ಚೆನ್ನೈ ಎಕ್ಸ್‌ಪ್ರೆಸ್’ ನೋಡಿದವರಿಗೆಲ್ಲ ಗೊತ್ತಿರೋ ದೃಶ್ಯ: ರೈಲು ಬಂದು ದೂಧ್‌ಸಾಗರ ಜಲಪಾತದ ಎದುರಿಗೇ ನಿಲ್ಲುತ್ತೆ. ಮುಂಬೈಯಿಂದ ಚೆನ್ನೈಗೆ ಹೊರಟ ರೈಲು ಪುಣೆ, ಸೊಲ್ಲಾಪುರದ ದಾರಿ ಬಿಟ್ಟು ಗೋವಾ ಗಡಿಗೆ ಯಾಕ್ ಬಂತು ಅಂತ ಯಾರೂ ಕೇಳಲಿಲ್ಲ. ಸಿನಿಮಾ ಅಂದ್ಮೇಲೆ ಅಷ್ಟು ವಿನಾಯಿತಿ ಕೊಡೋಣ. ನನ್ನ ತಕರಾರು ಬೇರೆ. ಆ ಫ್ರೇಮು ನಮ್ಮ ಕಣ್ಣಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆ ಅಂದ್ರೆ, ಮಳೆಗಾಲ ಬಂತಂದ್ರೆ ಸಾಕು, ಡ್ರೋನ್ ವಿಡಿಯೋ, ರೀಲ್ಸ್ ಎಲ್ಲದರಲ್ಲೂ ಅದೇ. ಬಿಳಿ ನೀರು, ಸೇತುವೆ, ಆಟಿಕೆಯಂಥ ರೈಲು. ರೈಲನ್ನು ಯಾವಾಗಲೂ ಹೊರಗಿನಿಂದಲೇ ನೋಡ್ತೀವಿ. ಒಳಗೆ ಕೂತವರು ಕಾಣೋದೇ ಇಲ್ಲ.

ನಮ್ಮ ಗೋಕಾಕ ಕಡೆಯವರಿಗೆ ಆ ಹಳಿ ಬರೀ ಹಿನ್ನೆಲೆ ಅಲ್ರೀ. ಮೂಡಲಗಿಯವರು ಘಟಪ್ರಭಾದಲ್ಲಿ, ಹುಕ್ಕೇರಿ ತಾಲೂಕಿನವರು ಪಾಶ್ಚಾಪುರದಲ್ಲಿ, ನಾವು ಗೋಕಾಕ ರೋಡಿನಲ್ಲಿ ಹತ್ತೋ ಮಿರಜ್–ಲೋಂಡಾ ಮಾರ್ಗ ಮುಂದೆ ಆ ಘಾಟಿಗೇ ಕೂಡುತ್ತೆ. ಒಂದು ಕಾಲಕ್ಕೆ ಎರಡೂ ಮೀಟರ್‌ಗೇಜ್: ಹಳಿಗಳ ನಡುವೆ ಒಂದೇ ಮೀಟರ್ ಅಂತರ, ಮುಂದೆ ಉಗಿ ಎಂಜಿನ್. ಲೋಂಡಾ ದಾಟಿ ಕ್ಯಾಸಲ್‌ರಾಕ್ ತಲುಪಿದರೆ ದೇಶವೇ ಮುಗೀತಿತ್ತು. ಕಸ್ಟಮ್ಸ್ ತಪಾಸಣೆ, ಆಮೇಲೆ ಪೋರ್ಚುಗೀಸರ ಗೋವಾ. 1878ರ ಬ್ರಿಟಿಷ್–ಪೋರ್ಚುಗೀಸ್ ಒಪ್ಪಂದದ ಬೆನ್ನಿಗೆ ಮುರಗಾಂವ್ ಬಂದರಿನಿಂದ ಇಲ್ಲಿಗೆ ಹಾಕಿದ ಹಳಿ ಅದು. 1955ರಲ್ಲಿ ಗಡಿ ಮುಚ್ಚಿದಾಗ ಆಚೀಚಿನ ರೈಲು ನಿಂತಿತು. 1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆ ಆಗಿ ಗಡಿಯೇ ಅಳಿಸಿತು. 1990ರ ದಶಕದಲ್ಲಿ ಬ್ರಾಡ್‌ಗೇಜ್ ಬಂತು. ಸ್ವಿಟ್ಜರ್ಲೆಂಡಿನ ಬೆಟ್ಟದ ರೈಲಿಗೆ ಅಂತ ಇಎಂಐ ಲೆಕ್ಕ ಹಾಕೋ ನಮಗೆ, ನಮ್ಮದೇ ಸ್ಟೇಷನ್ನಿನ ಹಳಿ ಹಿಡಿದು ಬೆಟ್ಟ ಇಳಿದರೆ ಪರದೇಶ ಸಿಗುತ್ತಿತ್ತು ಅಂತ ಯಾವ ರೀಲೂ ಹೇಳಿಲ್ಲ.

ಒಳಗೆ ಕೂತು ನೋಡ್ರಿ, ಘಾಟು ಬೇರೆಯೇ. ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗೆ ಸುಮಾರು 26 ಕಿ.ಮೀ., ಕಡಿದಾದಲ್ಲಿ 37 ಮೀಟರಿಗೆ ಒಂದು ಮೀಟರ್ ಇಳಿಜಾರು. ಇವತ್ತಿಗೂ ಹತ್ತುವ ರೈಲಿಗೆ ಹಿಂದಿನಿಂದ ಎಂಜಿನ್ ಜೋಡಿಸಿ ತಳ್ಳಬೇಕು. ನಾನು ಇಳಿದಾಗ ಜಲಪಾತ ಕಿಟಕಿಯಲ್ಲಿ ಇದ್ದದ್ದು ಸ್ವಲ್ಪೇ ಹೊತ್ತು. ಉಳಿದ ಹೊತ್ತೆಲ್ಲ ಸುರಂಗದ ಕತ್ತಲು, ಅದರೊಳಗೆ ಹುಡುಗರ ಕೂಗು, ಬ್ರೇಕಿನ ಸುಟ್ಟ ವಾಸನೆ, ಒದ್ದೆ ಬಂಡೆ, ಮತ್ತೆ ಸುರಂಗ. ಈ ಪಯಣದ ತಿರುಳು ಆ ನಿಧಾನದಲ್ಲೇ ಇದೆ. ಎಂಜಿನ್ನು ಎಷ್ಟು ಕಷ್ಟಪಡ್ತಿದೆ ಅಂತ ಸೀಟಿನಲ್ಲೇ ಗೊತ್ತಾಗುತ್ತೆ. ಹದಿನೈದು ಸೆಕೆಂಡಿನ ರೀಲು ಕತ್ತರಿಸಿ ಬಿಸಾಕೋದು ಇದನ್ನೇ.

ಇದು ಬರೀ ಅಭಿರುಚಿಯ ಜಗಳ ಅಂದ್ಕೋಬೇಡಿ. ಈ ಘಾಟಿನಲ್ಲಿ ಜೋಡಿ ಹಳಿ ಹಾಕೋ ಯೋಜನೆಗೆ ವನ್ಯಜೀವಿ ಮಂಡಳಿ ಕೊಟ್ಟಿದ್ದ ಒಪ್ಪಿಗೆಯನ್ನ 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಮೊಲ್ಲೆಂ ಕಾಡು ಒಂದು ಕಡೆ. ಮುರಗಾಂವ್‌ನಿಂದ ಕರ್ನಾಟಕದ ಉಕ್ಕಿನ ಕಾರ್ಖಾನೆಗೆ ಬರೋ ಕಲ್ಲಿದ್ದಲು ಇನ್ನೊಂದು ಕಡೆ. ಎರಡೂ ನಮ್ಮ ಬದುಕಿಗೆ ಸಂಬಂಧಪಟ್ಟಿದ್ದೇ. ಯಾವುದನ್ನ ಎಷ್ಟು ಬಿಟ್ಟುಕೊಡಬೇಕು ಅಂತ ಮಾತಾಡೋಕೆ, ಆ ಹಳಿ ಮೊದಲಿನಿಂದಲೂ ಬಂದರಿನ ಸರಕಿಗಾಗಿ ಹುಟ್ಟಿದ್ದು, ಬೆಟ್ಟ ಅದಕ್ಕೆ ಸುಲಭಕ್ಕೆ ದಾರಿ ಬಿಟ್ಟಿಲ್ಲ ಅನ್ನೋದಾದ್ರೂ ತಿಳಿದಿರಬೇಕು. ನಾವೋ, ಚೆಂದದ ಫ್ರೇಮಿನೊಳಗೆ ಕಲ್ಲಿದ್ದಲಿನ ಗೂಡ್ಸ್ ಬಂದ್ರೆ ಅದು ದಾಟಿ ಹೋಗಲಿ ಅಂತ ಕ್ಯಾಮೆರಾ ಹಿಡ್ಕೊಂಡು ಕಾಯ್ತೀವಿ.