ಡಿಜೆಯ ಪೆಟ್ಟಿಗೆಯಿಂದ ಬಂದ ಹಾಡುಗಳು

ಸಿನಿಮಾಕ್ಕೆಂದೇ ಹಾಡು ಕಟ್ಟಿಸುವ ವಾಡಿಕೆಯಲ್ಲಿ ಬೆಳೆದ ನಮಗೆ, ಮೊದಲೇ ಇರುವ ಹಾಡುಗಳನ್ನು ಆರಿಸಿ ಪೋಣಿಸುವುದೂ ಸಂಗೀತ ನಿರ್ದೇಶನದಷ್ಟೇ ನಾಜೂಕಿನ ಕೆಲಸ ಎಂಬುದು ಬೇಗ ಹೊಳೆಯುವುದಿಲ್ಲ. ಫ್ರಾನ್ಸಿನ ನಿರ್ದೇಶಕಿ ಮಿಯಾ ಹಾನ್ಸೆನ್-ಲವ್ ಅವರ ‘ಈಡನ್’ (2014) ಚಿತ್ರ ಅದನ್ನು ಮನದಟ್ಟು ಮಾಡಿಸುತ್ತದೆ. ಪಾಲ್ ಎಂಬ ಪ್ಯಾರಿಸ್ಸಿನ ಡಿಜೆಯ ಬದುಕನ್ನು ಅದು 1992ರಿಂದ ಎರಡು ದಶಕ ಹಿಂಬಾಲಿಸುತ್ತದೆ. ನಿರ್ದೇಶಕಿಯ ಅಣ್ಣ ಸ್ವೆನ್ ಸ್ವತಃ ಡಿಜೆ, ಚಿತ್ರಕಥೆಯ ಸಹಲೇಖಕ. ಹಾಡುಗಳು ಜನಪ್ರಿಯತೆಯ ಪಟ್ಟಿಯಿಂದ ಬಂದಂತಿಲ್ಲ, ಯಾರೋ ವರ್ಷಗಟ್ಟಲೆ ಹೊತ್ತು ತಿರುಗಿದ ರೆಕಾರ್ಡ್ ಪೆಟ್ಟಿಗೆಯಿಂದ ಬಂದಂತಿವೆ.

ಆ ಪೆಟ್ಟಿಗೆಯಲ್ಲಿ ಹೆಚ್ಚಾಗಿ ಇರುವುದು ಹೌಸ್ ಎಂಬ ಕ್ಲಬ್ಬುಗಳ ಕುಣಿತದ ಸಂಗೀತ. ಅದರಲ್ಲಿ ನಿಮಿಷಕ್ಕೆ ಸುಮಾರು 120 ಬಡಿತ. ನಾಲ್ಕೆಣಿಕೆಯ ಪ್ರತಿ ಎಣಿಕೆಗೂ ಕಿಕ್ ಡ್ರಮ್. ಒಂದು ರೆಕಾರ್ಡಿನಿಂದ ಇನ್ನೊಂದಕ್ಕೆ ಡಿಜೆ ದಾಟಲು ಅನುಕೂಲವಾಗಲೆಂದು ಹಾಡಿನ ಎರಡು ತುದಿಯಲ್ಲೂ ಬರೀ ತಾಳ ಇರುತ್ತದೆ. ಸಿನಿಮಾದವರು ಮೊದಲು ಕತ್ತರಿ ಹಾಕುವುದು ಈ ತುದಿಗಳಿಗೇ. ಮಿಯಾ ಹಾಗೆ ಅವಸರ ಮಾಡುವುದಿಲ್ಲ; ನೆಲ ಅದುರುವಷ್ಟು ಹೊತ್ತು ತಾಳವನ್ನು ಬಿಟ್ಟುಕೊಡುತ್ತಾರೆ. ಷಿಕಾಗೊದ ಡಿಜೆ ಫ್ರಾಂಕಿ ನಕಲ್ಸ್ ಅವರ ‘ದ ವಿಸಲ್ ಸಾಂಗ್’ ಕೇಳಿ: ಮೆತ್ತಗಿನ ತಾಳದ ಮೇಲೆ ಸಿಳ್ಳೆಯಂಥ ಒಂದು ಧಾಟಿ, ಅಷ್ಟೇ. ಏರಿ ಅಬ್ಬರಿಸುವುದಿಲ್ಲ, ಬೇಡಿಕೊಳ್ಳುವುದೂ ಇಲ್ಲ. ಆದರೂ ಬೆಳಗಿನ ಜಾವದ ಸುಸ್ತು, ಸುಖ ಎರಡೂ ಅದರಲ್ಲಿವೆ. ಚಿತ್ರ ತೆರೆಕಂಡ ವರ್ಷವೇ, ಮಾರ್ಚ್ ಕೊನೆಯಲ್ಲಿ, ನಕಲ್ಸ್ ತೀರಿಕೊಂಡರು.

ಪಾಲ್‌ಗೆ ಪ್ರಾಣವಾದದ್ದು ಗರಾಜ್. ಡಿಜೆ ಲ್ಯಾರಿ ಲೆವನ್ ಹಾಡು ನುಡಿಸುತ್ತಿದ್ದ ನ್ಯೂಯಾರ್ಕಿನ ‘ಪ್ಯಾರಡೈಸ್ ಗರಾಜ್’ ಕ್ಲಬ್ಬಿನಿಂದ ಹೆಸರು ಪಡೆದ ಈ ಶೈಲಿಯಲ್ಲಿ ಯಂತ್ರದ ತಾಳದ ಮೇಲೆ ಚರ್ಚಿನ ಗಾಯನದಲ್ಲಿ ಪಳಗಿದ ಕಂಠ ಕೂರುತ್ತದೆ. ಆಲಿ-ಅಸ್ ತಂಡದ ‘ಫಾಲೋ ಮಿ’ಯಂಥ ಹಾಡು ಬಂದಾಗ ಕುಣಿಯುವವರ ಗುಂಪು ಭಕ್ತರ ಸಭೆಯಂತೆ ಕಾಣುವುದು ಆ ಕಂಠದಿಂದಾಗಿಯೇ.

ಆದರೆ ನನ್ನ ದೊಡ್ಡ ತಕರಾರು ಇಲ್ಲೇ. ಈ ಸಂಗೀತ ಹುಟ್ಟಿದ್ದು ಕಪ್ಪು ಮತ್ತು ಲ್ಯಾಟಿನೊ ಸಲಿಂಗಿಗಳ ಕ್ಲಬ್ಬುಗಳಲ್ಲಿ. ಬೇರೆಲ್ಲೂ ಬಾಗಿಲು ತೆರೆಯದಿದ್ದವರಿಗೆ ಅದು ಮನೆಯಾಗಿತ್ತು. ಡಿಜೆ ಟೋನಿ ಹಂಫ್ರೀಸ್, ಗಾಯಕಿ ಇಂಡಿಯಾ ಸ್ವಂತ ಹೆಸರಿನಲ್ಲೇ ಚಿತ್ರದಲ್ಲಿ ಬಂದು ಹೋಗುತ್ತಾರಾದರೂ ಅತಿಥಿಗಳಾಗಿಯೇ ಉಳಿಯುತ್ತಾರೆ. ಕಂಠ ಅವರದು, ಕಥೆ ಮಾತ್ರ ಪ್ಯಾರಿಸ್ಸಿನ ಹುಡುಗರದು. ಹಾಡುಗಳಲ್ಲಿ ಇಷ್ಟು ನಿಷ್ಠೆ ತೋರಿದ ಚಿತ್ರ ಅವುಗಳ ಋಣವನ್ನು ಪೂರ್ತಿ ಒಪ್ಪಿಕೊಂಡಿಲ್ಲ.

ಚಿತ್ರದಲ್ಲಿ ಪಾಲ್‌ನ ಗೆಳೆಯರಾಗಿ ಬರುವ ಪ್ಯಾರಿಸ್ಸಿನ ಸಂಗೀತ ಜೋಡಿ ಡಾಫ್ಟ್ ಪಂಕ್ ತನ್ನ ಹಾಡುಗಳನ್ನು ತೀರ ಕಡಿಮೆ ದರಕ್ಕೆ ಬಿಟ್ಟುಕೊಟ್ಟಿತು. ಅವು ಬೇಕಾಗಿದ್ದದ್ದು ಕೇವಲ ಆಕರ್ಷಣೆಗಲ್ಲ. ಮನೆಯೊಂದರ ಪಾರ್ಟಿಯಲ್ಲಿ ‘ಡಾ ಫಂಕ್’ ಮೊಳಗಿದಾಗ ಪಾಲ್‌ನ ಗೆಳೆಯರೆಲ್ಲ ಒಂದೇ ಮೆಟ್ಟಿಲ ಮೇಲಿದ್ದಾರೆ. 2000ದ ‘ಒನ್ ಮೋರ್ ಟೈಮ್’ ಹೊತ್ತಿಗೆ ಆ ಇಬ್ಬರು ಜಗತ್ತಿಗೇ ಗೊತ್ತು. ಪಾಲ್ ಇನ್ನೂ ಅದೇ ಗರಾಜ್ ನುಡಿಸುತ್ತಿದ್ದಾನೆ, ಸಾಲ ಮೈಮೇಲೆ ಬರುತ್ತಿದೆ. ಡಾಫ್ಟ್ ಪಂಕ್‌ನ 2013ರ ‘ವಿದಿನ್’ ಹಾಡಿನಲ್ಲಿ ಪಿಯಾನೊ ನಿಧಾನ, ರೋಬೋ ದನಿಗೆ ದಿಕ್ಕು ತಪ್ಪಿದೆ. ಪಾಲ್‌ನ ಸೋಲಿಗೆ ಸಂಭಾಷಣೆ ಕೊಡಲಾಗದ ಮಾತನ್ನು ಕೊಡುವುದು ಆ ಹಾಡು, ಅದೂ ಗೆದ್ದ ಗೆಳೆಯರ ಹಾಡು.