ಶುಲ್ಕರಹಿತ ವಿದ್ವತ್ಪತ್ರಿಕೆ: ಭಾರ ಹೊರುವವರಾರು?

ವಿದ್ವತ್ಪತ್ರಿಕೆಗಳ ವ್ಯವಹಾರದಲ್ಲಿ ಒಂದು ವಿಪರ್ಯಾಸವುಂಟು. ಲೇಖನ ಬರೆದವರಿಗೆ ಸಂಭಾವನೆಯಿಲ್ಲ. ಅದನ್ನು ಪರಿಶೀಲಿಸುವ ವಿದ್ವಾಂಸರಿಗೂ ಸಾಮಾನ್ಯವಾಗಿ ಇಲ್ಲ. ಆದರೂ ಅದನ್ನು ಓದಬೇಕಾದರೆ ಗ್ರಂಥಾಲಯವು ಭಾರಿ ಚಂದಾ ತೆರಬೇಕು. ಎಲ್ಲರಿಗೂ ತೆರೆದಿಡಬೇಕಾದರೆ ಅನೇಕ ಕಡೆ ಲೇಖಕನೇ ಪ್ರಕಟನ ಶುಲ್ಕ ಕೊಡಬೇಕು. ಮೊದಲನೆಯ ಪದ್ಧತಿ ಓದುಗನನ್ನು ಬಾಗಿಲಾಚೆ ನಿಲ್ಲಿಸುತ್ತದೆ, ಎರಡನೆಯದು ಲೇಖಕನನ್ನು. ಇಬ್ಬರಿಂದಲೂ ಹಣ ಕೇಳದ ಮೂರನೆಯ ಮಾರ್ಗಕ್ಕೆ 'ಡೈಮಂಡ್' ಎಂಬ ಹೆಸರು ಬಂದಿದೆ. ಇಂಥ ಪತ್ರಿಕೆಗಳು ಜಗತ್ತಿನಲ್ಲಿ 17,000ದಿಂದ 29,000ದವರೆಗೆ ಇರಬಹುದೆಂದು 2021ರ ಅಧ್ಯಯನವೊಂದು ಅಂದಾಜು ಮಾಡಿತು. ಅವುಗಳಲ್ಲಿ ಹೆಚ್ಚಿನವು ಸಣ್ಣವು. ಸಂಪಾದಕರ ಬಿಟ್ಟಿ ದುಡಿಮೆಯನ್ನೇ ನಂಬಿದವು.

ಈ ಮಾರ್ಗದ ಸಮರ್ಥಕರು 'ಜರ್ನಲ್ ಆಫ್ ಮೆಷಿನ್ ಲರ್ನಿಂಗ್ ರಿಸರ್ಚ್' ಪತ್ರಿಕೆಯನ್ನು ಉದಾಹರಿಸುವುದುಂಟು. 2001ರಲ್ಲಿ ಆ ಶಾಸ್ತ್ರದ ವಾಣಿಜ್ಯ ಪತ್ರಿಕೆಯೊಂದರ ಸಂಪಾದಕ ಮಂಡಲಿಯ 40 ಮಂದಿ ರಾಜೀನಾಮೆಯಿತ್ತು ಇದರ ಬೆಂಬಲಕ್ಕೆ ನಿಂತರು. ಸಾಹಸ ಶ್ಲಾಘನೀಯವಾದುದು, ಆದರೆ ಅದು ಸರ್ವತ್ರ ಅನ್ವಯಿಸದು. ಅಲ್ಲಿಯ ಲೇಖಕರು ಗಣಕಶಾಸ್ತ್ರಜ್ಞರು. ತಮ್ಮ ಲೇಖನದ ಪುಟವಿನ್ಯಾಸವನ್ನು ತಾವೇ ಮಾಡಿಕೊಡಬಲ್ಲರು. ಶಾಸನದ ಪಾಠವನ್ನೋ ಹಸ್ತಪ್ರತಿಯ ಪಾಠಾಂತರಗಳನ್ನೋ ಅಚ್ಚುಕಟ್ಟಾಗಿ ಹೊರತರಬೇಕಾದಲ್ಲಿ ಕರಡು ತಿದ್ದುವ ನುರಿತ ಕೈ ಬೇಕು. ಆ ಕೈಗೆ ಕೂಲಿಯೂ ಸಲ್ಲಬೇಕು.

ಭಾಷಾವಿಜ್ಞಾನಿಗಳ ಅನುಭವ ಇನ್ನೂ ಬೋಧಪ್ರದವಾಗಿದೆ. 2015ರಲ್ಲಿ 'ಲಿಂಗ್ವಾ' ಪತ್ರಿಕೆಯ ಸಂಪಾದಕರು ಒಟ್ಟಾಗಿ ಹೊರಬಂದು 'ಗ್ಲಾಸಾ'ವನ್ನು ಸ್ಥಾಪಿಸಿದರು. ಮುಂದೆ ಅದಕ್ಕೆ ಆಶ್ರಯವಿತ್ತ 'ಓಪನ್ ಲೈಬ್ರರಿ ಆಫ್ ಹ್ಯುಮ್ಯಾನಿಟೀಸ್' ಸಂಸ್ಥೆಗೆ ಅನೇಕ ಗ್ರಂಥಾಲಯಗಳು ವರ್ಷವರ್ಷವೂ ವಂತಿಗೆ ಸಲ್ಲಿಸುತ್ತವೆ. ಇಲ್ಲಿ ವೆಚ್ಚ ಮಾಯವಾಗಲಿಲ್ಲ. ಹಲವು ಹೆಗಲುಗಳ ಮೇಲೆ ಹಂಚಿಹೋಯಿತು.

ಭಾರತ ಸರ್ಕಾರವು 2024ರ ನವೆಂಬರಿನಲ್ಲಿ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಗೆ ಮೂರು ವರ್ಷಗಳ ಅವಧಿಗೆ 6,000 ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತು. ಸರ್ಕಾರಿ ವಿದ್ಯಾಸಂಸ್ಥೆಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಇದರಿಂದ ಸುಮಾರು 13,000 ಪತ್ರಿಕೆಗಳು ದೊರಕುವಂತಾದುದು ಸಣ್ಣ ಲಾಭವಲ್ಲ. ಆದರೆ ಚಂದಾ ಎಂಬುದು ಬಾಡಿಗೆ. ಅವಧಿ ಮುಗಿದೊಡನೆ ಮತ್ತೆ ಚೌಕಾಶಿ. ಹಗಲು ಬ್ಯಾಂಕಿನಲ್ಲಿ ದುಡಿದು ಇರುಳು ಶಾಸನ ಓದುವ ಮುಂಬಯಿಯ ಸಂಶೋಧಕನಂಥವನು ಈ ಏರ್ಪಾಡಿನ ಹೊರಗೇ ಉಳಿಯುತ್ತಾನೆ. ಶುಲ್ಕರಹಿತ ಪತ್ರಿಕೆ ಅಂಥವನಿಗೂ ತೆರೆದಿರುತ್ತದೆ.

ಕನ್ನಡದ ಚರಿತ್ರೆಯೂ ಇದನ್ನೇ ಸೂಚಿಸುತ್ತದೆ. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಹೊರಟ 'ಪ್ರಬುದ್ಧ ಕರ್ನಾಟಕ' ಚಂದಾ ಪಡೆದ ಪತ್ರಿಕೆಯೇ. ಎ. ಆರ್. ಕೃಷ್ಣಶಾಸ್ತ್ರಿಗಳ ನಿಷ್ಠೆ ಅದಕ್ಕೆ ಜೀವ ಕೊಟ್ಟಿತು. ಮುಂದೆ ಮೈಸೂರು ವಿಶ್ವವಿದ್ಯಾನಿಲಯ ಹೊಣೆ ಹೊತ್ತುದರಿಂದ ಅದಕ್ಕೆ ಆಯುಸ್ಸು ದೊರೆಯಿತು. ನಿಷ್ಠೆ ಪತ್ರಿಕೆಯನ್ನು ಹುಟ್ಟಿಸಬಲ್ಲದು. ಸಂಪಾದಕನ ತರುವಾಯವೂ ಅದನ್ನು ನಡೆಸಬಲ್ಲುದು ಸಂಸ್ಥೆಯೊಂದೇ. ಆದುದರಿಂದ ಶುಲ್ಕರಹಿತ ಪತ್ರಿಕೆಯನ್ನು ದಾನವೆಂದು ಕೊಂಡಾಡುವುದಕ್ಕಿಂತ, ಗ್ರಂಥಾಲಯದ ಕಪಾಟಿನಂತೆ ಸಂಸ್ಥೆಯ ನಿತ್ಯವೆಚ್ಚದಲ್ಲಿ ಸೇರಿಸುವುದು ಮೇಲು. ಸಂಪಾದನ ಕಾರ್ಯವನ್ನು ಅಧ್ಯಾಪಕನ ಕರ್ತವ್ಯದಲ್ಲಿ ಎಣಿಸದೆ, ಕರಡು ತಿದ್ದುವವನಿಗೆ ವೇತನ ಗೊತ್ತುಮಾಡದೆ ಸಾರುವ 'ಉಚಿತ' ಬಹುಕಾಲ ಬಾಳದು.