ಜೀವವಿಕಾಸದ ಪಾಠಭಾಷೆ

ಶಾಲೆಯ ವಿಜ್ಞಾನಪಾಠವು ವಿಮರ್ಶಕನ ವಿಷಯವಲ್ಲವೆಂಬ ಭಾವನೆ ನಮ್ಮಲ್ಲಿ ರೂಢಮೂಲವಾಗಿದೆ. ಆದರೆ ಪಾಠವೂ ಗದ್ಯವೇ. ಕನ್ನಡದಲ್ಲಿ ಬಹುಜನರು ಓದುವ ಗದ್ಯ ಬಹುಶಃ ಅದೊಂದೇ. ಪರಿಸರ, ಜೀವವಿಕಾಸಗಳ ಮೂಲಕಲ್ಪನೆಗಳು ಈ ಗದ್ಯದಲ್ಲಿ ಯಾವ ರೂಪ ತಾಳುತ್ತವೆ ಎಂಬುದನ್ನು, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ವಿದ್ಯಾರ್ಥಿಯನ್ನು ಕಣ್ಣ ಮುಂದಿಟ್ಟುಕೊಂಡು, ಇಲ್ಲಿ ವಿಚಾರಿಸಲು ಬಯಸುತ್ತೇವೆ.

ಮೊದಲು ಶಬ್ದಗಳನ್ನು ನೋಡೋಣ. 'ವಿಕಾಸ'ವೆಂದರೆ ಅರಳುವಿಕೆ. ಮೊಗ್ಗಿನಲ್ಲಿ ಅಡಗಿದ್ದ ಹೂವು ಹೊರಬರುವುದು ಅರಳುವಿಕೆ. ಅದರ ಗುರಿ ಮೊದಲೇ ನಿಶ್ಚಿತವಾಗಿರುತ್ತದೆ. ಜೀವರಾಶಿಯ ಬದಲಾವಣೆಗೆ ಅಂತಹ ಗುರಿಯಿಲ್ಲ. ಆದರೂ ಈ ಶಬ್ದ ನೆಲೆನಿಂತಿದೆ, ಅದನ್ನು ಕಿತ್ತೆಸೆಯಿರೆಂದು ನಾವು ಹೇಳುವುದಿಲ್ಲ. ಹೆಚ್ಚಿನ ಅಪಾಯವಿರುವುದು ಕ್ರಿಯಾಪದದಲ್ಲಿ. 'ಜೀವಿಯು ಪರಿಸರಕ್ಕೆ ಹೊಂದಿಕೊಂಡಿತು' ಎಂಬ ವಾಕ್ಯದಲ್ಲಿ 'ಕೊಳ್ಳು' ಎಂಬ ಸಹಾಯಕ್ರಿಯಾಪದವು ಕರ್ತೃವು ತನಗಾಗಿ ತಾನೇ ಮಾಡಿದ ಕೆಲಸವನ್ನು ಸೂಚಿಸುತ್ತದೆ. ಬಾಲಕನು ಅಂಗಿ ಹಾಕಿಕೊಳ್ಳುತ್ತಾನೆ. ಕೀಟವು ವಿಷಕ್ಕೆ ಹೊಂದಿಕೊಳ್ಳುತ್ತದೆ. ವ್ಯಾಕರಣದ ಬಲದಿಂದಲೇ ಕೀಟಕ್ಕೆ ಇಚ್ಛೆಯೂ ಪ್ರಯತ್ನವೂ ಬಂದುಬಿಡುತ್ತವೆ. ಡಾರ್ವಿನ್ನನ ಹೆಸರಿನಡಿಯಲ್ಲಿ ವಿದ್ಯಾರ್ಥಿಯು ಲಾಮಾರ್ಕನನ್ನು ಕಲಿಯುತ್ತಾನೆ, ಅದೂ ಶಿಕ್ಷಕನಿಗೆ ಅರಿವಿಲ್ಲದಂತೆ.

ಈ ದೋಷವನ್ನು ದೃಷ್ಟಾಂತದಿಂದ ಕಳೆಯಬಹುದೆಂಬುದಕ್ಕೆ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿಯ ಹತ್ತನೆಯ ತರಗತಿಯ ಪುಸ್ತಕವೇ ಸಾಕ್ಷಿಯಾಗಿತ್ತು. ಅದರಲ್ಲಿ ಹಸಿರು ಪೊದೆಯ ಮೇಲಿನ ಕೆಂಪು ಜೀರುಂಡೆಗಳ ಕಥೆಯಿತ್ತು. ಕಾಗೆಗಳು ಕೆಂಪು ಹುಳುಗಳನ್ನು ಹೆಕ್ಕುತ್ತವೆ, ಹಸಿರಾಗಿ ಹುಟ್ಟಿದ್ದು ಉಳಿದು ಹೆಚ್ಚುತ್ತದೆ. ಬೇರೊಂದು ಸಂದರ್ಭದಲ್ಲಿ ಆನೆಯ ತುಳಿತಕ್ಕೆ ಸಿಗದೆ ನೀಲಿ ಹುಳುಗಳು ಆಕಸ್ಮಿಕವಾಗಿ ಉಳಿಯುತ್ತವೆ. ಮೂರನೆಯದರಲ್ಲಿ ಪೊದೆಗೆ ರೋಗ ತಗಲಿ ಹುಳುಗಳು ಬಡಕಲಾಗುತ್ತವೆ. ಆ ಬಡಕಲುತನ ಅನುವಂಶೀಯವಲ್ಲ. ಬದಲಾಗುವುದು ಸಮುದಾಯವೇ ಹೊರತು ವ್ಯಕ್ತಿಯಲ್ಲ ಎಂಬ ತತ್ತ್ವವನ್ನು ಇದಕ್ಕಿಂತ ಮಿತವಾಗಿ ಹೇಳುವುದು ಕಷ್ಟ. 'ಅನುವಂಶೀಯತೆ ಮತ್ತು ಜೀವವಿಕಾಸ'ವೆಂಬ ಆ ಅಧ್ಯಾಯವು ಪಠ್ಯಭಾರ ಇಳಿಸುವ ನೆಪದಲ್ಲಿ ಬರಿಯ 'ಅನುವಂಶೀಯತೆ'ಯಾಯಿತು. 2023ರಲ್ಲಿ ಸಾವಿರದ ಎಂಟುನೂರಕ್ಕೂ ಹೆಚ್ಚು ವಿಜ್ಞಾನಿಗಳೂ ಶಿಕ್ಷಕರೂ ಇದನ್ನು ಬಹಿರಂಗವಾಗಿ ವಿರೋಧಿಸಿದರು. ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ವಿಷಯವಿದೆಯೆಂಬ ಸಮಾಧಾನವು ಹತ್ತಕ್ಕೇ ವಿಜ್ಞಾನವನ್ನು ಬಿಡುವ ಹಳ್ಳಿಯ ಹುಡುಗಿಗೆ ಯಾವ ಪ್ರಯೋಜನಕ್ಕೂ ಬಾರದು.

ಇಷ್ಟಾದರೂ ಆ ಕಥೆಯ ಜೀರುಂಡೆಗಳು ಕಲ್ಪಿತವೆಂಬ ಕೊರತೆ ಉಳಿಯಿತು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಕಲ್ಪನೆಯ ಅಗತ್ಯವಿಲ್ಲ. ಪಶ್ಚಿಮದಲ್ಲಿ ಮಲೆನಾಡಿನ ಅಂಚನ್ನು ಮುಟ್ಟುವ ಕಿತ್ತೂರಿನಿಂದ ಪೂರ್ವದ ರಾಮದುರ್ಗಕ್ಕೆ ಹೋಗುವಷ್ಟರಲ್ಲಿ ಮಳೆ ಕ್ರಮೇಣ ಕಡಿಮೆಯಾಗಿ, ಭತ್ತದ ಗದ್ದೆ ಹಿಂದುಳಿದು ಜೋಳದ ಹೊಲ ಎದುರಾಗುತ್ತದೆ. ನಡುವಣ ಎರೆಭೂಮಿಯಲ್ಲಿ ಹತ್ತಿಯಿದೆ, ಕಡಲೆಯಿದೆ. ಜೀವವಿಕಾಸದ ಪಾಠಕ್ಕೆ ಈ ಹತ್ತಿಯೇ ಸಾಕು. ಬೋಂಡಹುಳುಗಳನ್ನು ಕೊಲ್ಲುವ ವಿಷವನ್ನು ತನ್ನಲ್ಲೇ ತಯಾರಿಸುವ ಬಿ.ಟಿ. ಹತ್ತಿಗೆ ದೇಶದಲ್ಲಿ 2002ರಲ್ಲಿ ಅನುಮತಿ ದೊರೆಯಿತು, ಎರಡು ವಿಷಗಳ ತಳಿಗೆ 2006ರಲ್ಲಿ. ಗುಲಾಬಿ ಕಾಯಿಕೊರಕವು ಮೊದಲನೆಯ ವಿಷವನ್ನು ತಾಳಿಕೊಂಡ ಸಂಗತಿ 2010ರಲ್ಲಿ ಗುಜರಾತಿನಿಂದ ಪ್ರಕಟವಾಯಿತು. ಕೆಲವೇ ವರ್ಷಗಳಲ್ಲಿ ಎರಡನೆಯ ವಿಷವೂ ಸೋತಿತು. (ನೋಡಿರಿ, 'ತಾಳಿಕೊಂಡ' ಎಂದು ನಾವೇ ಬರೆದೆವು!) ವಾಸ್ತವದಲ್ಲಿ ಯಾವ ಹುಳುವೂ ತಾಳಿಕೊಳ್ಳಲಿಲ್ಲ. ತಾಳದವು ಸತ್ತವು, ಹುಟ್ಟಿನಿಂದಲೇ ತಾಳುವಂತಿದ್ದ ಕೆಲವು ಉಳಿದು ಸಂತಾನ ಬೆಳೆಸಿದವು.

ಇನ್ನೂ ಬೋಧಪ್ರದವಾದುದು ಮತ್ತೊಂದು ಹುಳುವಿನ ವೃತ್ತಾಂತ. ಅಮೇರಿಕನ್ ಕಾಯಿಕೊರಕವೂ ಅದೇ ಹೊಲದಲ್ಲಿದೆ, ಅದೇ ವಿಷವನ್ನು ತಿನ್ನುತ್ತದೆ. ಆದರೆ ಅದು ಹಾಗೆ ಬೇಗ ಗೆಲ್ಲಲಿಲ್ಲ. ಅದು ಕಡಲೆ, ತೊಗರಿಗಳನ್ನೂ ತಿಂದು ಬದುಕಬಲ್ಲದು. ವಿಷವಿಲ್ಲದ ಆ ಬೆಳೆಗಳಲ್ಲಿ ದುರ್ಬಲ ಹುಳುಗಳೂ ಬೆಳೆದು, ಪತಂಗಗಳಾಗಿ ಪ್ರಬಲವಾದವುಗಳೊಡನೆ ಕೂಡುವುದರಿಂದ ವಿಷನಿರೋಧ ಗುಣ ಚದುರಿಹೋಗುತ್ತದೆ. ಗುಲಾಬಿ ಹುಳುವಿಗಾದರೋ ಬಹುಮಟ್ಟಿಗೆ ಹತ್ತಿಯೊಂದೇ ಗತಿ. ಹೊಲದ ಅಂಚಿನಲ್ಲಿ ಸಾದಾ ಹತ್ತಿಯ ಸಾಲುಗಳನ್ನು ಬಿತ್ತಬೇಕೆಂಬ ನಿಯಮವಿದ್ದದ್ದು ಇದಕ್ಕಾಗಿಯೇ. ಹೆಚ್ಚಿನವರು ಅದನ್ನು ಪಾಲಿಸಲಿಲ್ಲ, ಏಕೆ ಪಾಲಿಸಬೇಕೆಂದು ತಿಳಿಸುವ ಪಾಠವೂ ಅವರಿಗೆ ದೊರೆತಿರಲಿಲ್ಲ. ಯಾರು ಯಾರನ್ನು ತಿನ್ನುತ್ತಾರೆಂಬ ಆಹಾರಜಾಲದ ಪ್ರಶ್ನೆಯೂ ಯಾರ ಸಂತತಿ ಉಳಿಯುತ್ತದೆಂಬ ವಿಕಾಸದ ಪ್ರಶ್ನೆಯೂ ಇಲ್ಲಿ ಒಂದೇ. ಪುಸ್ತಕದಲ್ಲಿ ಮಾತ್ರ ಅವು ಬೇರೆ ಬೇರೆ ಅಧ್ಯಾಯಗಳು. ಆಹಾರಸರಪಳಿಯ ಚಿತ್ರದಲ್ಲಿ ಹುಲ್ಲು, ಜಿಂಕೆ, ಹುಲಿಗಳು ಬಾಣದ ಗುರುತಿನಿಂದ ನಿಶ್ಚಲವಾಗಿ ನಿಂತಿರುತ್ತವೆ.

'ಆಯ್ಕೆ' ಎಂಬ ಶಬ್ದದ ವಿಷಯದಲ್ಲಿ ನಮ್ಮ ನಿಲುವು ಬೇರೆ. ಆಯುವವನೊಬ್ಬನಿರಬೇಕೆಂಬ ಭ್ರಮೆಯನ್ನು ಅದೂ ಹುಟ್ಟಿಸುತ್ತದೆ, ನಿಜ. ಆದರೆ ಡಾರ್ವಿನ್ನನೂ 1859ರ ತನ್ನ ಗ್ರಂಥವನ್ನು ಸಾಕುಪ್ರಾಣಿಗಳಿಂದಲೂ ಬೆಳೆಗಳಿಂದಲೂ ಆರಂಭಿಸಿದನು. ಬಿಳಿಜೋಳದ ಎಂ 35-1 ತಳಿಯು ಮೋಹೋಳದಲ್ಲಿ ಸ್ಥಳೀಯ ಮಾಲದಂಡಿಯಿಂದ ಆರಿಸಿ ಪಡೆದುದು. ಬೀಜಕ್ಕೆಂದು ತೆನೆ ಆರಿಸುವ ಮನೆಯ ಮಗುವಿಗೆ ಈ ಶಬ್ದ ಹೊಸತಲ್ಲ. ಆರಿಸುವ ಕೈಯನ್ನು ತೆಗೆದುಹಾಕಿ ನೋಡೆಂದು ಶಿಕ್ಷಕನು ಹೇಳಿದರಾಯಿತು.

ಮುಂದಿನ ಪಠ್ಯಕಾರರಲ್ಲಿ ನಮ್ಮ ಕೋರಿಕೆ ಅಲ್ಪ. 'ಹೊಂದಿಕೊಂಡವು' ಎಂಬಲ್ಲಿ 'ಉಳಿದವು' ಎಂದು ಬರೆಯಲಿ. ಅಭ್ಯಾಸದ ಪ್ರಶ್ನೆಗಳಲ್ಲಿ ಒಂದನ್ನು ಹೊಲಕ್ಕೆ ಬಿಡಲಿ. ಗುಲಾಬಿ ಹುಳು ಹೊಕ್ಕ ಹತ್ತಿಯ ಹೂವು ಅರಳದೆ, ಎಸಳುಗಳು ನೂಲಿನಿಂದ ಹೆಣೆದುಕೊಂಡು ಮುದುಡಿ ನಿಂತಿರುತ್ತದೆ. ಬಿಡಿಸಿದರೆ ಮರಿಹುಳು ಒಳಗೇ ಸಿಗುತ್ತದೆ.